ಮುಷ್ಕರದ ಸುದ್ದಿ ಮತ್ತು ಪಿಂಚಣಿಯ ಲೆಕ್ಕ: ಸರ್ಕಾರಿ, ಖಾಸಗಿ ನೌಕರಿಗಳನ್ನು ಹೋಲಿಸುವುದು ಹೇಗೆ

ಸರ್ಕಾರಿ ನೌಕರರು ಮುಷ್ಕರಕ್ಕೆ ಕರೆ ಕೊಟ್ಟ ಸುದ್ದಿ ಬಂದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಒಂದೇ ಜಗಲಿಯ ಮೇಲೆ ಎರಡು ಪಕ್ಷಗಳಾಗುತ್ತವೆ. ಅಣ್ಣ ಹೊಸನಗರದ ಕಡೆ ಶಾಲಾ ಶಿಕ್ಷಕ, ತಮ್ಮ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಮೇಲ್ವಿಚಾರಕ ಎಂದಿಟ್ಟುಕೊಳ್ಳಿ. "ನಿಂಗೇನು ಅಣ್ಣಯ್ಯ, ಸಾಯುವ ತನಕ ಪಿಂಚಣಿ ಬರುತ್ತದೆ" ಎಂದು ತಮ್ಮ ಹೇಳುತ್ತಾನೆ. "ಎಲ್ಲಿಯ ಪಿಂಚಣಿ ಮಾರಾಯ, ನಾನು ಸೇರಿದ್ದು 2006ರ ಮೇಲೆ" ಎಂದು ಅಣ್ಣ ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಬ್ಬರ ಬಳಿಯೂ ಲೆಕ್ಕವಿಲ್ಲ. ಆ ಲೆಕ್ಕವನ್ನು ಮನೆಯಲ್ಲೇ ಕುಳಿತು ಹಾಕುವ ಕ್ರಮವನ್ನು ಈ ಬರಹ ವಿವರಿಸುತ್ತದೆ. ಸರ್ಕಾರಿ, ಖಾಸಗಿ ಎಂಬ ಎರಡು ಹೆಸರುಗಳನ್ನು ಹಿಡಿದು ಹೋಲಿಸಲು ಹೊರಟರೆ ದಾರಿ ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಪ್ಪಿನಲ್ಲಿ ಬೆಲೆ ಏರಿದರೆ, ಮಾರುಕಟ್ಟೆ ಕುಸಿದರೆ, ಎಣಿಸಿದ್ದಕ್ಕಿಂತ ಹತ್ತು ವರ್ಷ ಹೆಚ್ಚು ಬದುಕಿದರೆ ಆ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು.

ಮೊದಲು ನೇಮಕದ ದಿನಾಂಕ

ಹೋಲಿಕೆಗೆ ಕೂರುವ ಮುನ್ನ ನೇಮಕಾತಿ ಆದೇಶವನ್ನು ಕೈಯಲ್ಲಿ ಹಿಡಿಯಿರಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಂದು ಅಥವಾ ಅನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ಯೋಜನೆಗೆ, ಅಂದರೆ ಎಲ್ಲರೂ ಎನ್‌ಪಿಎಸ್ ಎಂದು ಕರೆಯುವ ವ್ಯವಸ್ಥೆಗೆ ಒಳಪಡುತ್ತಾರೆ; ಅದಕ್ಕೆ ಮೊದಲು ಸೇರಿದವರಿಗೆ ಹಳೆ ಪಿಂಚಣಿ ಇದೆ. ಕೇಂದ್ರ ಸರ್ಕಾರದ ನೌಕರರಿಗೆ ಈ ಗೆರೆ 2004ರ ಜನವರಿ 1. ಗೆರೆಯ ಮೇಲೆಯೇ ನಿಂತ ಕೆಲವರೂ ಇದ್ದರು: 2006ರ ಏಪ್ರಿಲ್‌ಗಿಂತ ಮೊದಲೇ ಹೊರಟ ಅಧಿಸೂಚನೆಯ ಮೂಲಕ ಆಯ್ಕೆಯಾಗಿ, ಆ ದಿನಾಂಕದ ನಂತರ ಕರ್ತವ್ಯಕ್ಕೆ ಹಾಜರಾದ ಸುಮಾರು 13,000 ರಾಜ್ಯ ನೌಕರರನ್ನು ಹಳೆ ಪಿಂಚಣಿಯ ವ್ಯಾಪ್ತಿಗೆ ತರುವ ಆದೇಶ 2024ರ ಜನವರಿಯಲ್ಲಿ ಹೊರಬಿತ್ತು. ಆದ್ದರಿಂದ ಒಂದೇ ಶಾಲೆಯ ಒಂದೇ ಕೊಠಡಿಯಲ್ಲಿ ಕೂರುವ ಇಬ್ಬರು ಶಿಕ್ಷಕರ ಮುಪ್ಪಿನ ನಡುವಿನ ಅಂತರ, ಅವರಲ್ಲೊಬ್ಬರಿಗೂ ಕಾರ್ಖಾನೆಯ ನೌಕರನಿಗೂ ಇರುವ ಅಂತರಕ್ಕಿಂತ ದೊಡ್ಡದಾಗಿರಬಹುದು.

ಸಂಸ್ಥೆಯ ಫಲಕದ ಮೇಲೆ ಸರ್ಕಾರದ ಹೆಸರು ಇದ್ದ ಮಾತ್ರಕ್ಕೆ ಒಳಗಿರುವವರಿಗೆಲ್ಲ ಸರ್ಕಾರಿ ಪಿಂಚಣಿ ಇದೆ ಎಂದು ಭಾವಿಸುವುದು ಎರಡನೆಯ ತಪ್ಪು. ಇದಕ್ಕೆ ಭದ್ರಾವತಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಾಗಲಿ ಮೈಸೂರು ಕಾಗದ ಕಾರ್ಖಾನೆಯಾಗಲಿ ಸಾರ್ವಜನಿಕ ವಲಯಕ್ಕೆ ಸೇರಿದವೇ. ಆದರೆ ಅಲ್ಲಿ ದುಡಿದವರ ಮುಪ್ಪಿನ ಆಧಾರ ಮುಖ್ಯವಾಗಿ ಭವಿಷ್ಯ ನಿಧಿ ಮತ್ತು 1995ರ ನೌಕರರ ಪಿಂಚಣಿ ಯೋಜನೆ (ಇಪಿಎಸ್), ಎಂದರೆ ಖಾಸಗಿ ಕಾರ್ಖಾನೆಯ ಕಾರ್ಮಿಕನಿಗೆ ಇರುವುದೇ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದಾಗ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಧರಣಿ ಕುಳಿತಾಗ, ಸಾರ್ವಜನಿಕ ವಲಯ ಎಂಬ ಹೆಸರು ಅವರ ನೆರವಿಗೆ ಬರಲಿಲ್ಲ. ಕೆಎಸ್‌ಆರ್‌ಟಿಸಿ ನೌಕರರ ಪಿಂಚಣಿಯೂ 1995ರ ಯೋಜನೆಯದೇ. 2021ರ ಏಪ್ರಿಲ್‌ನಲ್ಲಿ ಅವರು ಎರಡು ವಾರ ಬಸ್ಸು ನಿಲ್ಲಿಸಿ ಆರನೇ ವೇತನ ಆಯೋಗದ ವೇತನ ಶ್ರೇಣಿ ತಮಗೂ ಬೇಕೆಂದು ಪಟ್ಟು ಹಿಡಿದದ್ದರ ಹಿಂದೆ, ನಿಗಮದ ನೌಕರನೂ ಸರ್ಕಾರಿ ನೌಕರನೂ ಒಂದೇ ಅಲ್ಲ ಎಂಬ ಈ ಅರಿವು ಇತ್ತು. ವಿದ್ಯುತ್ ವಿಭಾಗದಲ್ಲಿ ಮತ್ತೊಂದು ಬಗೆ: ಮೆಸ್ಕಾಂ, ಕೆಪಿಟಿಸಿಎಲ್‌ಗಳಲ್ಲಿ 2006ಕ್ಕೆ ಮೊದಲು ಸೇರಿದವರಿಗೆ ಪ್ರತ್ಯೇಕ ಟ್ರಸ್ಟ್ ಮೂಲಕ ಪಿಂಚಣಿ ಸಲ್ಲುತ್ತದೆ, ಅನಂತರದವರು ಎನ್‌ಪಿಎಸ್‌ಗೆ ಸೇರಿದವರು. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಗೆರೆ ಬಿದ್ದದ್ದು 2010ರ ಏಪ್ರಿಲ್ 1ರಂದು.

ಇನ್ನು ಸರ್ಕಾರದ ಕೆಲಸವನ್ನೇ ಮಾಡುತ್ತ ಸರ್ಕಾರಿ ನೌಕರರ ಪಟ್ಟಿಯಲ್ಲಿ ಇಲ್ಲದವರ ಸಂಖ್ಯೆ ನಮ್ಮ ಕಡೆಯೂ ಸಣ್ಣದಲ್ಲ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಪಡೆಯುವುದು ಗೌರವಧನ. ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ಕಚೇರಿಗಳ ಕಂಪ್ಯೂಟರ್ ನಿರ್ವಾಹಕರಲ್ಲಿ ಅನೇಕರು ಹೊರಗುತ್ತಿಗೆಯವರು. ಅನುದಾನಿತ ಶಾಲಾ ಕಾಲೇಜುಗಳಲ್ಲಿ 2006ರ ನಂತರ ಸೇರಿದವರು ಪಿಂಚಣಿಗಾಗಿ ಪ್ರತ್ಯೇಕ ಹೋರಾಟವನ್ನೇ ನಡೆಸುತ್ತ ಬಂದಿದ್ದಾರೆ. ಹೋಲಿಕೆಯ ತಕ್ಕಡಿಯಲ್ಲಿ ಇವರನ್ನು ಸರ್ಕಾರಿ ತಟ್ಟೆಗೆ ಹಾಕಿದರೆ ಲೆಕ್ಕವೂ ಕೆಡುತ್ತದೆ, ಅವರಿಗೆ ಅನ್ಯಾಯವೂ ಆಗುತ್ತದೆ.

ಮೂರು ಲೆಕ್ಕಗಳನ್ನು ಅಕ್ಕಪಕ್ಕ ಇಡುವುದು

ಯಾರು ಎಲ್ಲಿದ್ದಾರೆಂದು ತಿಳಿದ ಮೇಲೆ ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಬರೆದುಕೊಳ್ಳಿ. ಕೆಳಗಿನ ವೇತನದ ಮೊತ್ತಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು. ನಿಮ್ಮ ಮನೆಯ ಮೊತ್ತಗಳನ್ನು ಅಲ್ಲಿ ತುಂಬಿಸಿಕೊಳ್ಳಿ.

ಮೊದಲ ಅಂಕಣ ಹಳೆ ಪಿಂಚಣಿಯದು. ಪೂರ್ಣ ಅರ್ಹತಾ ಸೇವೆ ಮುಗಿಸಿ 60ನೇ ವಯಸ್ಸಿನಲ್ಲಿ ನಿವೃತ್ತರಾಗುವವರ ಕೊನೆಯ ಮೂಲ ವೇತನ 80,000 ರೂಪಾಯಿ ಇದ್ದರೆ, ಅದರ ಅರ್ಧ, ಅಂದರೆ 40,000 ರೂಪಾಯಿ ಪಿಂಚಣಿ. ಅದರ ಮೇಲೆ ತುಟ್ಟಿಭತ್ಯೆ. ನೌಕರನ ಸಂಬಳದಿಂದ ಇದಕ್ಕೆಂದು ಏನೂ ಕಡಿತವಾಗಿರುವುದಿಲ್ಲ. ತುಟ್ಟಿಭತ್ಯೆ ಜನವರಿ ಮತ್ತು ಜುಲೈ ತಿಂಗಳುಗಳ ಲೆಕ್ಕದಲ್ಲಿ ಪರಿಷ್ಕಾರವಾಗುತ್ತದೆ, ಹೊಸ ವೇತನ ಆಯೋಗ ಬಂದಾಗ ಪಿಂಚಣಿಯೂ ಮರುನಿಗದಿಯಾಗುತ್ತದೆ. ನಿವೃತ್ತರು ತೀರಿಕೊಂಡರೆ ಸಾಮಾನ್ಯವಾಗಿ ಮೂಲ ವೇತನದ ಶೇ. 30ರಷ್ಟು, ನಮ್ಮ ಉದಾಹರಣೆಯಲ್ಲಿ 24,000 ರೂಪಾಯಿ, ಕುಟುಂಬ ಪಿಂಚಣಿಯಾಗಿ ಸಂಗಾತಿಗೆ ಹೋಗುತ್ತದೆ. ಇದರ ಬೆಲೆಯನ್ನು ಇಂದಿನ ಹಣದಲ್ಲಿ ತಿಳಿಯಲು ಒಂದು ಒರಟು ಲೆಕ್ಕ ಸಾಕು. ಠೇವಣಿಯ ಬಡ್ಡಿಯೂ ಬೆಲೆಯೇರಿಕೆಯೂ ಸರಿಸಮ ಎಂದುಕೊಂಡರೆ, ಇಪ್ಪತ್ತು ವರ್ಷ ಈ 40,000 ರೂಪಾಯಿಯನ್ನು ಬೆಲೆಗೆ ತಕ್ಕಂತೆ ಏರಿಸುತ್ತ ಕೊಡಲು ನಿವೃತ್ತಿಯ ದಿನ 96 ಲಕ್ಷ ರೂಪಾಯಿ ಕೈಯಲ್ಲಿ ಬೇಕು. ಕುಟುಂಬ ಪಿಂಚಣಿ ಬೇರೆ. ಖಾಸಗಿಯವರ ಕಣ್ಣಿಗೆ ಕಾಣದೆ ಉಳಿಯುವ ಸಂಬಳ ಇದು. ಹಳೆ ಪಿಂಚಣಿದಾರರು ಎಷ್ಟೋ ವೇಳೆ ತಮ್ಮ ಸಂಬಳವನ್ನು ಹೊರಗಿನವರ ಸಂಬಳದೊಂದಿಗೆ ಹೋಲಿಸುವಾಗ ಇದನ್ನು ಎಣಿಸುವುದೇ ಇಲ್ಲ, ಅದು ಸರಿಯಲ್ಲ.

ಎರಡನೆಯ ಅಂಕಣ ಎನ್‌ಪಿಎಸ್. ಇಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನೌಕರನದು, ಶೇ. 14 ಸರ್ಕಾರದ್ದು. ಮೊತ್ತ ಷೇರು ಮತ್ತು ಸಾಲಪತ್ರಗಳಲ್ಲಿ ಹೂಡಿಕೆಯಾಗಿ ಬೆಳೆಯುತ್ತದೆ. ನಿವೃತ್ತಿಯಲ್ಲಿ ಸರ್ಕಾರಿ ನೌಕರರು ಶೇ. 60ರವರೆಗೆ ನಗದಾಗಿ ಪಡೆದು, ಕನಿಷ್ಠ ಶೇ. 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನವನ್ನು, ಅಂದರೆ ಬದುಕಿರುವವರೆಗೆ ಬರುವ ನಿಗದಿತ ಮೊತ್ತವನ್ನು, ಕೊಳ್ಳಬೇಕು. ಒಟ್ಟು 80 ಲಕ್ಷ ಕೂಡಿದೆ ಎನ್ನೋಣ. 48 ಲಕ್ಷ ಕೈಗೆ, 32 ಲಕ್ಷ ವರ್ಷಾಶನಕ್ಕೆ, ಶೇ. 6.5ರ ದರ ಸಿಕ್ಕಿದರೆ ತಿಂಗಳಿಗೆ ಸುಮಾರು 17,300 ರೂಪಾಯಿ. ಪೂರ್ತಿ 80 ಲಕ್ಷವನ್ನೂ ವರ್ಷಾಶನಕ್ಕೇ ಹಾಕಿದರೆ ಸುಮಾರು 43,300 ರೂಪಾಯಿ ಬರುತ್ತದೆ. ಮುಷ್ಕರದ ವೇದಿಕೆಯಲ್ಲಿ 17,300ನ್ನು ಮಾತ್ರ 40,000ದ ಪಕ್ಕ ಇಟ್ಟು ತೋರಿಸುವುದುಂಟು. ಕೈಗೆ ಬಂದ 48 ಲಕ್ಷವನ್ನು ಮರೆಸಿದ ಹೋಲಿಕೆ ಅದು. ಹಾಗೆಂದು ಎನ್‌ಪಿಎಸ್ ನೌಕರರ ದೂರು ಹುಸಿಯಲ್ಲ. ಸಾಮಾನ್ಯ ವರ್ಷಾಶನ ಏರುವುದಿಲ್ಲ. ವರ್ಷಕ್ಕೆ ಶೇ. 5ರಂತೆ ಬೆಲೆ ಏರಿದರೆ ಹದಿನಾಲ್ಕು ವರ್ಷಗಳಲ್ಲಿ ಖರ್ಚು ಇಮ್ಮಡಿಯಾಗುತ್ತದೆ. 74ನೇ ವಯಸ್ಸಿನಲ್ಲಿ, ಔಷಧಿಯ ಖರ್ಚು ಏರುವ ಹೊತ್ತಿಗೆ, ಆ 17,300ಕ್ಕೆ ಇಂದಿನ ಅರ್ಧದಷ್ಟೇ ಬೆಲೆ. ಹಳೆ ಪಿಂಚಣಿಯಲ್ಲಿ ಬೆಲೆಯೇರಿಕೆಯನ್ನು ಹೊರುವುದು ಸರ್ಕಾರ, ಇಲ್ಲಿ ನೌಕರ. ಅದರ ಜೊತೆಗೆ ನಿವೃತ್ತಿಯ ವರ್ಷ ಮಾರುಕಟ್ಟೆ ಹೇಗಿರುತ್ತದೆ ಎಂಬ ಅದೃಷ್ಟವೂ ಅವನದೇ.

ಕೇಂದ್ರ ನೌಕರರ ಮನೆಯಾದರೆ ಇನ್ನೊಂದು ಆಯ್ಕೆಯನ್ನೂ ಬರೆದುಕೊಳ್ಳಿ. 2024ರ ಆಗಸ್ಟ್ 24ರಂದು ಕೇಂದ್ರ ಸಂಪುಟ ಒಪ್ಪಿ, 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಚಿತ. ಬೆಲೆಯೇರಿಕೆಗೆ ತಕ್ಕ ಏರಿಕೆಯೂ ಇದೆ. ಹತ್ತು ವರ್ಷ ಸೇವೆ ಮಾಡಿದವರಿಗೆ ಕನಿಷ್ಠ 10,000 ರೂಪಾಯಿ. ನೌಕರ ಶೇ. 10 ಕಟ್ಟುತ್ತಲೇ ಇರಬೇಕು.

ಮೂರನೆಯ ಅಂಕಣದ ಮೇಲೆ ಹೆಚ್ಚು ಹೊತ್ತು ಕೂರಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಖಾಸಗಿ ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,000 ರೂಪಾಯಿ ಎಂದುಕೊಳ್ಳಿ. ಅವನಿಂದ ಶೇ. 12, ಅಂದರೆ 2,400 ರೂಪಾಯಿ ಭವಿಷ್ಯ ನಿಧಿಗೆ ಹೋಗುತ್ತದೆ. ಮಾಲೀಕರೂ ಅಷ್ಟೇ ಕಟ್ಟಿದರೆ, ಅದರಲ್ಲಿ 1,250 ರೂಪಾಯಿ ಪಿಂಚಣಿ ನಿಧಿಗೆ ಕವಲೊಡೆದು ಉಳಿದ 1,150 ಮಾತ್ರ ಅವನ ಖಾತೆಗೆ ಸೇರುತ್ತದೆ. ಪಿಂಚಣಿ ನಿಧಿಯ ಲೆಕ್ಕಕ್ಕೆ 2014ರ ಸೆಪ್ಟೆಂಬರ್‌ನಿಂದ ವೇತನದ ಮಿತಿ 15,000 ರೂಪಾಯಿ. ಹಲವು ಮಾಲೀಕರು ಭವಿಷ್ಯ ನಿಧಿಯನ್ನೂ ಈ 15,000ದ ಮೇಲಷ್ಟೇ ಕಟ್ಟುತ್ತಾರೆ, ಅದು ಕಾನೂನಿಗೆ ಒಪ್ಪಿತವಾದದ್ದೇ. ಆಗ ಎರಡೂ ಕಡೆಯ ಮೊತ್ತ ತಲಾ 1,800ಕ್ಕೆ ಇಳಿಯುತ್ತದೆ.

ಪಿಂಚಣಿಯ ಸೂತ್ರ ಹೀಗಿದೆ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನವೆಂದರೆ ಕೊನೆಯ 60 ತಿಂಗಳ ಸರಾಸರಿ. ಇಪ್ಪತ್ತು ವರ್ಷ ಪೂರೈಸಿದವರಿಗೆ ಎರಡು ವರ್ಷ ಕೂಡಿಸಿ ಕೊಡುತ್ತಾರೆ. ಮೂವತ್ತು ವರ್ಷ ದುಡಿದವನಿಗೆ 15,000ವನ್ನು 32ರಿಂದ ಗುಣಿಸಿ 70ರಿಂದ ಭಾಗಿಸಿದರೆ 6,857 ರೂಪಾಯಿ. 58ನೇ ವಯಸ್ಸಿಗೆ ಆರಂಭವಾಗುವ ಈ ಮೊತ್ತಕ್ಕೆ ತುಟ್ಟಿಭತ್ಯೆ ಇಲ್ಲ. ಸಂಗಾತಿಗೆ ಉಳಿಯುವುದು ಅದರ ಅರ್ಧ. ಯೋಜನೆಯ ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. ಏನೂ ಕಟ್ಟದ ಬಡ ವೃದ್ಧರಿಗೆ ರಾಜ್ಯ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ ಎಂಬುದನ್ನು ಇದರ ಪಕ್ಕದಲ್ಲಿ ಬರೆದುಕೊಂಡರೆ, ಇಪಿಎಸ್ ನಿವೃತ್ತರು ಪದೇ ಪದೇ ಬೀದಿಗಿಳಿಯುವ ಕಾರಣ ತಿಳಿಯುತ್ತದೆ.

ಆದರೆ ಖಾಸಗಿ ನೌಕರನ ನಿಜವಾದ ಆಸ್ತಿ ಈ 6,857 ಅಲ್ಲ, ಭವಿಷ್ಯ ನಿಧಿಯ ಖಾತೆ. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 3,550 ರೂಪಾಯಿ ಸೇರುತ್ತದೆ. ವೇತನ ಒಂದು ಪೈಸೆ ಏರದಿದ್ದರೂ, ಶೇ. 8ರ ಬಡ್ಡಿಯಲ್ಲಿ ಮೂವತ್ತು ವರ್ಷಕ್ಕೆ ಅದು ಸುಮಾರು 50 ಲಕ್ಷವಾಗುತ್ತದೆ. 2024-25ನೇ ಸಾಲಿಗೆ ಘೋಷಿತವಾದ ಬಡ್ಡಿ ಶೇ. 8.25. ಹೀಗಿದ್ದೂ 50 ಲಕ್ಷ ಹಿಡಿದು ನಿವೃತ್ತರಾಗುವ ಕಾರ್ಮಿಕರು ವಿರಳ. ಕೆಲಸ ಬಿಟ್ಟಾಗೊಮ್ಮೆ, ತಂಗಿಯ ಮದುವೆಗೊಮ್ಮೆ, ಮನೆಗೆ ಹೆಂಚು ಬದಲಿಸುವಾಗೊಮ್ಮೆ ಹಣ ತೆಗೆದಿರುತ್ತಾರೆ. ಸರ್ಕಾರಿ ನೌಕರನಿಗೂ ಖಾಸಗಿಯವನಿಗೂ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಲ್ಲಿದೆ ಎಂದು ನನಗನ್ನಿಸುತ್ತದೆ: ಒಬ್ಬನ ಮುಪ್ಪಿನ ಹಣಕ್ಕೆ ಅವನೇ ಕೈಹಾಕಲಾಗದ ಬೀಗವಿದೆ, ಇನ್ನೊಬ್ಬನ ಹಣ ಎಲ್ಲ ಕಷ್ಟಕ್ಕೂ ಮೊದಲು ನೆನಪಾಗುವ ಹಣ.

ಉಪದಾನವನ್ನು, ಅಂದರೆ ಗ್ರಾಚ್ಯುಟಿಯನ್ನು, ಎಲ್ಲ ಅಂಕಣಗಳಲ್ಲೂ ಬರೆಯಲು ಮರೆಯಬೇಡಿ. ಖಾಸಗಿಯಲ್ಲಿ ಕೊನೆಯ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವಾ ವರ್ಷಗಳಿಂದ ಗುಣಿಸಬೇಕು; 20,000 ವೇತನದಲ್ಲಿ ಮೂವತ್ತು ವರ್ಷಕ್ಕೆ ಸುಮಾರು 3.46 ಲಕ್ಷ. ಒಂದೇ ಕಡೆ ಐದು ವರ್ಷ ನಿಲ್ಲದ ಕಾಯಂ ನೌಕರರಿಗೆ ಸಾಮಾನ್ಯವಾಗಿ ಇದು ದಕ್ಕುವುದಿಲ್ಲ.

ಅಂಕಣದ ಹೊರಗೆ ಉಳಿಯುವ ಎರಡು ಸಂಗತಿಗಳು

ಸರ್ಕಾರಿ ಕೆಲಸಕ್ಕಾಗಿ ಕಾಯುವ ವರ್ಷಗಳಿಗೂ ಬೆಲೆ ಇದೆ. ಪದವಿ ಮುಗಿಸಿ ಶಿವಮೊಗ್ಗದಲ್ಲಿ ಕೊಠಡಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಯುವಕರು ಆರು ವರ್ಷ ಕಳೆದರೆ, ಮೇಲಿನ 50 ಲಕ್ಷದ ಲೆಕ್ಕದಲ್ಲಿ ಮೊದಲ ಆರು ವರ್ಷದ ಕಂತುಗಳಿಂದ ಬೆಳೆಯುವ ಪಾಲೇ ಸುಮಾರು 20 ಲಕ್ಷ. ಹುದ್ದೆ ಸಿಕ್ಕಿದವರ ಮಟ್ಟಿಗೆ ಇದು ದೊಡ್ಡ ನಷ್ಟವಲ್ಲ. ಸಿಗದವರ ಸಂಖ್ಯೆಯೇ ಹೆಚ್ಚು ಎಂಬುದನ್ನು ನೆನಪಿಟ್ಟು ಗಡುವೊಂದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯದು ತೋಟ. ಎರಡೆಕರೆ ಅಡಿಕೆ ಇದ್ದರೆ ಪಿಂಚಣಿ ಏಕೆ ಎನ್ನುವ ಮಾತು ತೀರ್ಥಹಳ್ಳಿ, ಕೊಪ್ಪ, ಸಾಗರಗಳಲ್ಲಿ ಸಾಮಾನ್ಯ. ಒಳ್ಳೆಯ ಧಾರಣೆಯ ವರ್ಷ ಆ ಮಾತು ನಿಜವೂ ಹೌದು. ಕೊಳೆರೋಗ ಹಳೆಯ ಶತ್ರು, ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಹಬ್ಬಿದ್ದು. ಅಡಿಕೆ ಕೊಯ್ಯುವ ಕೊನೆಗೌಡರು ಸಿಗದ ಕಷ್ಟ ಬೇರೆ. ತೋಟದ ಆದಾಯವನ್ನು ಹಾಳೆಯಲ್ಲಿ ಬರೆಯುವುದಾದರೆ ಕೆಟ್ಟ ವರ್ಷದ ಮೊತ್ತವನ್ನು ಬರೆಯಿರಿ, ಮತ್ತು ಅಣ್ಣತಮ್ಮಂದಿರ ಪಾಲಾದ ಮೇಲೆ ನಿಮಗೆ ಉಳಿಯುವಷ್ಟನ್ನೇ ಬರೆಯಿರಿ.

ಮುಷ್ಕರದ ಬೇಡಿಕೆಯನ್ನು ಓದುವುದು

ಲೆಕ್ಕದ ಹಾಳೆ ಸಿದ್ಧವಾದ ಮೇಲೆ ಮುಷ್ಕರದ ಸುದ್ದಿ ಬೇರೆಯಾಗಿ ಕಾಣುತ್ತದೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದಾಗ ಮುಂದಿದ್ದ ಮುಖ್ಯ ಬೇಡಿಕೆಗಳು ಎರಡು: ಏಳನೇ ವೇತನ ಆಯೋಗದ ವರದಿ ಬರುವವರೆಗೆ ಮಧ್ಯಂತರ ಪರಿಹಾರ, ಮತ್ತು ಎನ್‌ಪಿಎಸ್ ರದ್ದತಿ. ಅದೇ ದಿನ ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರ ಸಿಕ್ಕಿತು, ಪಿಂಚಣಿಯ ವಿಷಯಕ್ಕೆ ಸಮಿತಿ ಸಿಕ್ಕಿತು, ಮುಷ್ಕರ ನಿಂತಿತು. ಸಂಬಳದ ಬೇಡಿಕೆ ಒಂದು ದಿನದಲ್ಲಿ ಇತ್ಯರ್ಥವಾಗಬಲ್ಲದು, ಪಿಂಚಣಿಯದು ಆಗದು. ಸಂಬಳದ ಖರ್ಚು ಈ ವರ್ಷದ ಆಯವ್ಯಯದಲ್ಲಿ ಕಾಣುತ್ತದೆ, ಪಿಂಚಣಿಯ ಖರ್ಚು ಮೂವತ್ತು ವರ್ಷ ಆಚೆಯ ಸರ್ಕಾರದ ತಲೆಗೆ ಬೀಳುತ್ತದೆ. ರಾಜಸ್ಥಾನ, ಛತ್ತೀಸ್‌ಗಢ, ಹಿಮಾಚಲ ಪ್ರದೇಶಗಳಂಥ ರಾಜ್ಯಗಳು ಹಳೆ ಪಿಂಚಣಿಗೆ ಮರಳುವುದಾಗಿ ಘೋಷಿಸಿದಾಗ ಅರ್ಥಶಾಸ್ತ್ರಜ್ಞರು ಎತ್ತಿದ ಆಕ್ಷೇಪವೂ ಇದೇ.

ಶೇಕಡಾವಾರು ಅಂಕಿಗಳನ್ನು ಬಿಡಿಸಿ ಓದುವ ಅಭ್ಯಾಸ ಮಾಡಿಕೊಳ್ಳಿ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶ್ರೇಣಿ ಜಾರಿಗೆ ಬಂದಾಗ "ಶೇ. 58.5 ಹೆಚ್ಚಳ" ಎಂಬ ಸುದ್ದಿ ಹರಡಿ, ಖಾಸಗಿಯವರ ಹೊಟ್ಟೆ ಉರಿಯಿತು. ಅದರಲ್ಲಿ ಶೇ. 31 ಆಗಲೇ ಸಿಗುತ್ತಿದ್ದ ತುಟ್ಟಿಭತ್ಯೆಯ ವಿಲೀನ. ಹೊಸದಾಗಿ ಸೇರಿದ್ದು ಮೂಲ ವೇತನದ ಶೇ. 27.5. ಮೊದಲು 100ಕ್ಕೆ 131 ಪಡೆಯುತ್ತಿದ್ದವರು 158.5ಕ್ಕೆ ಬಂದರೆ ನಿಜವಾದ ಏರಿಕೆ ಸುಮಾರು ಶೇ. 21. ಹಿಂದಿನ ಪರಿಷ್ಕರಣೆಯ ಲೆಕ್ಕ 2017ರ ಜುಲೈನದು, ಇದರದು 2022ರ ಜುಲೈನದು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಶೇ. 4ರ ಸಮೀಪ. ವಾರ್ಷಿಕ ವೇತನ ಬಡ್ತಿ ಮತ್ತು ತುಟ್ಟಿಭತ್ಯೆ ಇದಕ್ಕೆ ಹೊರತಾದವು, ಅವನ್ನೂ ಕೂಡಿಸಲೇಬೇಕು. ಅಷ್ಟಾದರೂ 58.5ಕ್ಕೂ ಇದಕ್ಕೂ ಬಹಳ ದೂರ.

ಕಾನೂನಿನ ಕಡೆಯನ್ನೂ ತಿಳಿದಿರಬೇಕು. ನಡತೆ ನಿಯಮಗಳ ಪ್ರಕಾರ ರಾಜ್ಯ ಸರ್ಕಾರಿ ನೌಕರರು ಮುಷ್ಕರ ಮಾಡುವಂತಿಲ್ಲ. ತಮಿಳುನಾಡಿನ ಮುಷ್ಕರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಾಗಲಿ ಕಾನೂನಿನ ಹಕ್ಕಾಗಲಿ ನೈತಿಕ ಹಕ್ಕಾಗಲಿ ಇಲ್ಲ ಎಂದಿತು. ಖಾಸಗಿ ಕಾರ್ಮಿಕನಿಗೆ ಹಕ್ಕಿದೆ, ಆದರೆ ಷರತ್ತುಗಳ ಬೇಲಿಯೊಳಗೆ: 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ನೋಟಿಸ್ ಕೊಟ್ಟು 14 ದಿನ ಕಾಯಬೇಕು, ಸಂಧಾನ ನಡೆಯುತ್ತಿರುವಾಗ ಮುಷ್ಕರ ಕೂಡದು, ಅರ್ಧದಷ್ಟು ಕಾರ್ಮಿಕರು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಹತ್ತು ಅಥವಾ ಹೆಚ್ಚು ಜನ ನೋಟಿಸ್ ಇಲ್ಲದೆ ಒಟ್ಟಾಗಿ ಗೈರಾದರೆ ಎಂಟು ದಿನಗಳವರೆಗಿನ ವೇತನ ಕಡಿತಕ್ಕೂ ಅವಕಾಶವಿದೆ. ವಾಸ್ತವದಲ್ಲಿ ಹಕ್ಕಿಲ್ಲದವರ ಮುಷ್ಕರ ಒಂದು ದಿನದಲ್ಲಿ ಫಲ ಕೊಡುತ್ತದೆ, ಹಕ್ಕಿರುವವರು ಮುಷ್ಕರದ ಹೆಸರೆತ್ತಲೂ ಹೆದರುತ್ತಾರೆ; ಮರುದಿನ ಕೆಲಸ ಉಳಿಯುತ್ತದೆ ಎಂಬ ಭರವಸೆ ಇದ್ದವರಿಗೆ ಮಾತ್ರ ಮುಷ್ಕರ ಸಾಧ್ಯ. 2021ರಲ್ಲಿ ಸಾರಿಗೆ ನೌಕರರು ವಜಾ, ವರ್ಗಾವಣೆಗಳನ್ನು ಎದುರಿಸಿದ್ದು ಆ ಭರವಸೆ ಅರೆಬರೆಯಾಗಿದ್ದವರ ಕಥೆ. ಮಲೆನಾಡಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವುದರಿಂದ ಇಲ್ಲಿ ಆ ಮುಷ್ಕರದ ಬಿಸಿ ಬಯಲುಸೀಮೆಯಷ್ಟು ತಟ್ಟಲಿಲ್ಲ. ಅದೇ ಬಸ್ಸುಗಳ ಚಾಲಕ, ನಿರ್ವಾಹಕರಿಗೆ ಭವಿಷ್ಯ ನಿಧಿ ಇದೆಯೇ ಎಂದು ಯಾರೂ ಕೇಳಲೂ ಇಲ್ಲ. ಕೊಪ್ಪದಲ್ಲಿ ಖಾಸಗಿ ಸಾರಿಗೆ ಸಂಸ್ಥೆಯೊಂದರ ಕಾರ್ಮಿಕರು 1991ರಲ್ಲಿ ತಾವೇ ಒಡೆಯರಾಗಿ ಕಟ್ಟಿದ ಸಹಕಾರ ಸಾರಿಗೆ ಈ ಪ್ರಶ್ನೆಗೆ ಬೇರೆಯದೇ ಉತ್ತರವಾಗಿತ್ತು. 2020ರಲ್ಲಿ ಅದರ ಬಸ್ಸುಗಳೂ ನಿಂತವು.

ಖಾಸಗಿಯವರು ಮುಪ್ಪಿನ ಹಣಕ್ಕಾಗಿ ಗೆದ್ದ ಹೋರಾಟವೇ ಇಲ್ಲವೆಂದಲ್ಲ. ಮಾಲೀಕರ ಪಾಲಿನ ಭವಿಷ್ಯ ನಿಧಿಯನ್ನು 58ನೇ ವಯಸ್ಸಿನವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬರಲಿದ್ದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮುಪ್ಪಿಗೆಂದು ಹಣ ಉಳಿಸುವ ನಿಯಮವನ್ನೇ ಅವರು ವಿರೋಧಿಸಿದರೆಂದು ಟೀಕಿಸಿದವರಿದ್ದರು. ನಲವತ್ತಕ್ಕೇ ಕೆಲಸ ಕಳೆದುಕೊಳ್ಳಬಹುದಾದವರಿಗೆ 58 ಬಹಳ ದೂರ ಎಂಬುದು ಆ ಟೀಕೆಯಲ್ಲಿ ಬಿಟ್ಟುಹೋಗಿತ್ತು.

ಖಾಸಗಿ ನೌಕರರು ಈಗಲೇ ಮಾಡಬೇಕಾದ್ದು

ಯುಎಎನ್, ಅಂದರೆ ಭವಿಷ್ಯ ನಿಧಿಯ ಸದಸ್ಯ ಸಂಖ್ಯೆ, ಹಾಕಿ ಭವಿಷ್ಯ ನಿಧಿಯ ಪಾಸ್‌ಬುಕ್ ತೆರೆದು, ಸಂಬಳದ ಚೀಟಿಯಲ್ಲಿ ಕಡಿತವಾದದ್ದು ಪ್ರತಿ ತಿಂಗಳೂ ಜಮೆಯಾಗಿದೆಯೇ ಎಂದು ನೋಡಿ. ಉಮಂಗ್ ಆ್ಯಪ್‌ನಲ್ಲೂ ಇದು ಸಿಗುತ್ತದೆ. ಕಡಿತವಾಗಿ ಜಮೆಯಾಗದಿದ್ದರೆ ಭವಿಷ್ಯ ನಿಧಿ ಸಂಸ್ಥೆಯಾದ ಇಪಿಎಫ್‌ಒದ ದೂರು ಜಾಲತಾಣದಲ್ಲಿ ಬರೆದು ಹಾಕಿ. ಸಂಸ್ಥೆ ಮುಚ್ಚಿದ ಮೇಲೆ ಹುಡುಕಾಟ ಕಠಿಣ. ಕೆಲಸ ಬದಲಿಸುವಾಗ ಹಣ ತೆಗೆಯದೆ ಖಾತೆಯನ್ನು ವರ್ಗಾಯಿಸಿಕೊಳ್ಳಿ. ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು. ಎಂಟನೇ ವರ್ಷದಲ್ಲಿ ಊರಿಗೆ ಮರಳಿ ತೋಟ ನೋಡಿಕೊಳ್ಳಲು ನಿರ್ಧರಿಸಿದವರು ಪಿಂಚಣಿ ನಿಧಿಯ ಅಲ್ಪ ಮೊತ್ತವನ್ನು ಹಿಂಪಡೆದುಬಿಟ್ಟರೆ ಆ ಎಂಟು ವರ್ಷ ಅಳಿಸಿಹೋಗುತ್ತದೆ. ಬದಲಿಗೆ ಯೋಜನಾ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ, ಮುಂದೆ ಎಲ್ಲಿಯಾದರೂ ಎರಡು ವರ್ಷ ದುಡಿದಾಗ ಹಳೆಯ ಸೇವೆ ಅದರ ಜೊತೆ ಕೂಡುತ್ತದೆ. 50 ದಾಟಿದವರು ಅವಧಿಗೆ ಮುನ್ನ ಪಿಂಚಣಿ ಆರಂಭಿಸಬಹುದು, ಆದರೆ 58ಕ್ಕೆ ಕಡಿಮೆಯಾದ ಒಂದೊಂದು ವರ್ಷಕ್ಕೂ ಶೇ. 4ರಂತೆ ಮೊತ್ತ ಶಾಶ್ವತವಾಗಿ ತಗ್ಗುತ್ತದೆ.

ಇಪಿಎಸ್ ಪಿಂಚಣಿ ಸಾಲದೆಂಬುದು ಲೆಕ್ಕದಿಂದ ಸ್ಪಷ್ಟವಾದ್ದರಿಂದ ಜೊತೆಗೆ ಇನ್ನೊಂದು ಆಧಾರ ಬೇಕು. ಎನ್‌ಪಿಎಸ್ ಖಾತೆಯನ್ನು ಖಾಸಗಿಯವರೂ ತೆರೆಯಬಹುದು. ಆದಾಯ ತೆರಿಗೆ ಕಟ್ಟದ, 18ರಿಂದ 40 ವರ್ಷದೊಳಗಿನವರಿಗೆ ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಅಟಲ್ ಪಿಂಚಣಿ ಯೋಜನೆ ಇದೆ. 60ರ ಮೇಲೆ 1,000ದಿಂದ 5,000 ರೂಪಾಯಿವರೆಗೆ ಖಚಿತ ಮೊತ್ತ. ಭವಿಷ್ಯ ನಿಧಿಯೇ ಇಲ್ಲದ ತೋಟದ ಕೆಲಸದವರು, ಅಂಗಡಿಯ ಹುಡುಗರು, ಮನೆಗೆಲಸದವರಿಗೆ ತಿಂಗಳಿಗೆ 15,000ದವರೆಗೆ ಆದಾಯವಿದ್ದರೆ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಅಡಿ 60ರ ಮೇಲೆ 3,000 ರೂಪಾಯಿ ದೊರೆಯುತ್ತದೆ. ಸೇರುವ ವಯಸ್ಸಿನಂತೆ ಕಂತು 55ರಿಂದ 200 ರೂಪಾಯಿ, ಕೇಂದ್ರವೂ ಅಷ್ಟೇ ಹಾಕುತ್ತದೆ. ಇವೂ ಬೆಲೆಯೊಂದಿಗೆ ಏರುವ ಮೊತ್ತಗಳಲ್ಲ ಎಂಬುದನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ನಾಮನಿರ್ದೇಶನವನ್ನು ಇಂದೇ ನೋಡಿ. ಮದುವೆಗೆ ಮುನ್ನ ಕೆಲಸಕ್ಕೆ ಸೇರಿದವರ ಖಾತೆಯಲ್ಲಿ ತಂದೆ ತಾಯಿಯ ಹೆಸರೇ ಉಳಿದಿರುತ್ತದೆ. ಮದುವೆಯಾದ ಮೇಲೆ ಭವಿಷ್ಯ ನಿಧಿಯಲ್ಲಿ ಹೊಸದಾಗಿ ನಾಮನಿರ್ದೇಶನ ಮಾಡಲೇಬೇಕು. ಸೇವೆಯಲ್ಲಿರುವಾಗ ಸದಸ್ಯ ತೀರಿಕೊಂಡರೆ ಭವಿಷ್ಯ ನಿಧಿಗೆ ಹೊಂದಿಕೊಂಡ ವಿಮೆಯಿಂದ ಗರಿಷ್ಠ 7 ಲಕ್ಷ ರೂಪಾಯಿ, ಜೊತೆಗೆ ಸಂಗಾತಿಗೆ ಮತ್ತು ಇಬ್ಬರು ಮಕ್ಕಳಿಗೆ ಪಿಂಚಣಿ ಸಲ್ಲುತ್ತದೆ. ಅನೇಕ ಕುಟುಂಬಗಳು ಇದನ್ನು ಕೇಳುವುದೇ ಇಲ್ಲ. ಆಧಾರ್, ಬ್ಯಾಂಕ್ ಖಾತೆ, ಭವಿಷ್ಯ ನಿಧಿ ಈ ಮೂರರಲ್ಲೂ ಹೆಸರಿನ ಅಕ್ಷರ ಮತ್ತು ಹುಟ್ಟಿದ ದಿನಾಂಕ ಒಂದೇ ಆಗಿರಲಿ. ಅಪ್ಪನ ಹೆಸರು, ಊರಿನ ಹೆಸರಿನ ಮೊದಲಕ್ಷರಗಳು ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಬಂದಿರುವುದು ನಮ್ಮ ಕಡೆ ಮಾಮೂಲು, ಅರ್ಜಿ ವಾಪಸಾಗಲು ಅಷ್ಟೇ ಸಾಕು. ತಿದ್ದುಪಡಿಗೆ ಮಾಲೀಕರ ಒಪ್ಪಿಗೆ ಬೇಕಾಗುವ ಸಂದರ್ಭಗಳಿರುವುದರಿಂದ, ಕೆಲಸದಲ್ಲಿರುವಾಗಲೇ ಇದನ್ನು ಮುಗಿಸಿಕೊಳ್ಳಬೇಕು.